ಅಟ್ಟದ ಕೆಳಗಿನ ಬೂಷ್ಟು

ನಾನು ಮದುವೆಯಾಗಿ ಬಂದ ಮನೆಯಲ್ಲಿ ಬೂಷ್ಟು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ. ಆಡಲೇಬೇಕಾಗಿ ಬಂದರೆ ದನಿ ತಗ್ಗಿಸಿ, 'ಅದು ಬಂದೈತೆ' ಎನ್ನುತ್ತಿದ್ದರು, ಮನೆಯಲ್ಲೊಬ್ಬರಿಗೆ ಹೇಳಬಾರದ ಕಾಯಿಲೆ ಅಂಟಿದಾಗ ಹೇಳುವ ಹಾಗೆ. ಕಿಬ್ಬನಹಳ್ಳಿಯಿಂದ ತಿಪಟೂರಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಮಾವನವರ ತೆಂಗಿನ ತೋಟ, ತೋಟದ ಮೂಲೆಯಲ್ಲಿ ಮನೆ, ಮನೆಗೆ ಹೊಂದಿಕೊಂಡಂತೆ ಕೊಬ್ಬರಿ ಶೆಡ್ಡು. ಶೆಡ್ಡಿನಲ್ಲಿ ಎದೆಯೆತ್ತರಕ್ಕಿಂತ ಮೇಲೆ ಅಡಿಕೆ ಮರದ ದಬ್ಬೆಗಳ ಅಟ್ಟ. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಆ ಅಟ್ಟಕ್ಕೇರಿಸಿದರೆ ಹೆಚ್ಚುಕಡಿಮೆ ವರ್ಷದ ತನಕ ಇಳಿಸುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಚಿಪ್ಪನ್ನು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಡುಗುಡು ಎನ್ನಬೇಕು. ಆಮೇಲೆ ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಅಷ್ಟು ದಿನ ಕಾದು ಒಡೆದಾಗ ಉಂಡೆಯ ಮೇಲೆ ಬೂಷ್ಟು ಕಂಡರೆ ಮನೆಯವರ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಈ ವಿಷಯದಲ್ಲಿ ನಮ್ಮ ಅತ್ತೆಯವರು ಊರಿಗೇ ಹೆಸರಾದವರು. ಉಪ್ಪಿನಕಾಯಿ ಜಾಡಿಯ ಬಾಯಿ, ಹಪ್ಪಳದ ಡಬ್ಬ, ಚರ್ಮದ ಚಪ್ಪಲಿ, ದೇವರ ಮನೆಯ ಹಲಗೆ, ಎಲ್ಲಿ ಬೂಷ್ಟು ಕಂಡರೂ ಅವರ ಸೆರಗಿನ ತುದಿ ಅಲ್ಲಿಗೆ ಹೋಗುತ್ತಿತ್ತು. ಮಾತಾಡುತ್ತಲೇ ಒರೆಸುತ್ತಿದ್ದರು. ಒರೆಸಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ ಎಂದು ನನ್ನ ಅನುಮಾನ. ಮಳೆಗಾಲದಲ್ಲಿ ಅವರ ಯಾವ ಸೀರೆಯ ಸೆರಗಿಗೂ ಅದರದೇ ಬಣ್ಣ ಇರುತ್ತಿರಲಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ನನ್ನ ಕೆಲಸ ಬೂಷ್ಟು ಬೆಳೆಸುವುದು. ಹೆಣ್ಣು ನೋಡಲು ಬಂದಾಗ ನಮ್ಮಪ್ಪ 'ಪ್ರಯೋಗಾಲಯದಲ್ಲಿ ಕೆಲಸ' ಎಂದಷ್ಟೇ ಹೇಳಿದ್ದರು, ಅವರೂ ಅಷ್ಟಕ್ಕೇ ತಲೆಯಾಡಿಸಿದ್ದರು. ಅದನ್ನು ರಕ್ತ ಪರೀಕ್ಷೆ ಎಂದು ತಿಳಿದಿದ್ದರು ಎಂಬುದು ನನಗೆ ಗೊತ್ತಾದದ್ದು, ಬಂದ ಹೊಸದರಲ್ಲಿ ಅಕ್ಕಪಕ್ಕದ ಹೆಂಗಸರು ತೋಳು ಚಾಚಿಕೊಂಡು ಸಕ್ಕರೆ ಕಾಯಿಲೆ ಇದೆಯೇ ನೋಡು ಎಂದು ಬಂದಾಗ. ಇಲ್ಲ, ನನಗೆ ಅದು ಬರುವುದಿಲ್ಲ ಎಂದೆ. ಹಾಗಾದರೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ. ಎರಡು ವರ್ಷ ನಾನು ಕಲಗಚ್ಚು ಇಟ್ಟೆ, ಮುದ್ದೆ ತಿರುವಿದೆ, ಬಂದವರಿಗೆ ಕಾಫಿ ಕೊಟ್ಟೆ. ಕಲಿತದ್ದು ಕೈಯಿಂದ ಜಾರಿ ಹೋಗುತ್ತಿದೆ ಎಂದು ದಿನವೂ ಅನ್ನಿಸುತ್ತಿತ್ತು, ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ನನ್ನ ಭಾಗ್ಯ ತೆರೆದದ್ದು ಕಾಫಿ ಹೊಟ್ಟಿನಿಂದ. ನಮ್ಮ ಯಜಮಾನರು ಆಗಾಗ ಲಾರಿಯಲ್ಲಿ ಕಾಯಿ ತುಂಬಿಕೊಂಡು ಹಾಸನದ ಕಡೆಗೆ ಹೋಗುತ್ತಿದ್ದರು. ವಾಪಸು ಬರುವಾಗ ಲಾರಿ ಖಾಲಿ ಬರುವುದು ಅವರಿಗೆ ದೊಡ್ಡ ಸಂಕಟ. ಅಲ್ಲೊಂದು ಕಾರ್ಖಾನೆಯಲ್ಲಿ ಒಣಗಿದ ಕಾಫಿ ಹಣ್ಣಿನಿಂದ ಬೀಜ ಬಿಡಿಸಿಕೊಂಡು, ಸಿಪ್ಪೆಯನ್ನೆಲ್ಲ ಹಿತ್ತಲಿಗೆ ಸುರಿಯುತ್ತಿದ್ದರು. ತೆಗೆದುಕೊಂಡು ಹೋದರೆ ಪುಣ್ಯ ಎಂದರಂತೆ. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟು ಬರುವ ಗುಣ ನಮ್ಮ ಯಜಮಾನರಲ್ಲಿ ಇರಲಿಲ್ಲ. ಲಾರಿ ತುಂಬ ತಂದು ಮನೆ ಹಿಂದೆ ರಾಶಿ ಹಾಕಿದರು. ಇನ್ನೊಂದು ಸಲ ಹೋದಾಗ ಇನ್ನೊಂದು ರಾಶಿ.

ತಂದದ್ದಾಯಿತು, ಮಾಡುವುದೇನು? ಅಟ್ಟದ ಕೆಳಗೆ ಹೊಗೆ ಹಾಕಲು ಉರಿಸಿ ನೋಡಿದರು. ಹೊಗೆ ಬಂತು, ಅದರ ಜೊತೆಗೆ ಒಂದು ಕಮಟು ವಾಸನೆಯೂ ಬಂತು. ಕೊಬ್ಬರಿಗೆ ವಾಸನೆ ಹಿಡಿದೀತೆಂದು ಮಾವ ಓಡಿ ಬಂದು ನೀರು ಹೊಯ್ದು ಆರಿಸಿದರು. ತೆಂಗಿನ ಬುಡಕ್ಕೆ ಸುರಿದರೆ ಮಳೆಗೆ ನೆನೆದು ಹುಳಿ ನಾತ. ಕೊನೆಗೆ ಕೆಂದಹಸುವಿನ ಮುಂದೆ ಇಟ್ಟರು. ಕೆಂದಹಸು ಅತ್ತೆಯವರ ಮುದ್ದಿನದು, ಕಾಗದ, ಗೋಣಿಚೀಲ, ಒಮ್ಮೆ ಮಾವನವರ ಟವೆಲ್ಲಿನ ಅರ್ಧ, ಎಲ್ಲವನ್ನೂ ತಿಂದು ಅರಗಿಸಿಕೊಂಡಿತ್ತು. ಅದು ಕಾಫಿ ಹೊಟ್ಟನ್ನು ಮೂಸಿ, ಗಟ್ಟಿಯಾಗಿ ಉಸಿರು ಬಿಟ್ಟು, ಮುಖ ತಿರುಗಿಸಿತು.

'ಅದುನ್ನ ಹಸ ತಿನ್ನೋ ಹಂಗೆ ಮಾಡ್ಬೋದು ಮಾವ' ಎಂದೆ ಒಂದು ಮಧ್ಯಾಹ್ನ, ಮುದ್ದೆ ಬಡಿಸುತ್ತಾ.

ಮಾವ ತಲೆ ಎತ್ತಿದರು. ಮದುವೆಯಾದ ಮೇಲೆ ನಾನು ಅವರ ಮುಂದೆ ಆಡಿದ ಮಾತುಗಳಲ್ಲಿ 'ಇನ್ನೊಂಚೂರು ಸಾರು ಬಿಡ್ಲಾ' ಎಂಬುದೇ ಅತಿ ಉದ್ದವಾದದ್ದು.

'ಹೆಂಗಮ್ಮ?'

ಹೆಪ್ಪು ಹಾಕಿದರೆ ಹಾಲು ಮೊಸರಾಗುವ ಹಾಗೆ ಇದಕ್ಕೂ ಒಂದು ಹೆಪ್ಪಿದೆ ಎಂದೆ. ಆ ಹೆಪ್ಪು ಎಂಜೈಮ್ ಎಂಬ ರಸ ಬಿಡುತ್ತದೆ, ರಸ ತಾಕಿದರೆ ಹೊಟ್ಟಿನ ಒಗರು ಮುರಿದು, ನಾರು ಮೆತ್ತಗಾಗಿ, ಸಿಹಿ ಬಿಡುತ್ತದೆ ಎಂದೆ. ನಮ್ಮ ಬಾಯಲ್ಲೂ ಅಂಥದೊಂದು ಎಂಜೈಮ್ ಇದೆ, ಯಾವುದನ್ನೇ ಆಗಲಿ ತುಂಬ ಹೊತ್ತು ಅಗಿದರೆ ಸಿಹಿಯಾಗುವುದು ಅದಕ್ಕೇ ಎಂದೆ. ಬೂಷ್ಟು ಎಂಬ ಮಾತನ್ನು ಮಾತ್ರ ಎಲ್ಲೂ ಎತ್ತಲಿಲ್ಲ. ಎತ್ತಿದ್ದರೆ ಊಟ ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ನಾನು ಕೊಟ್ಟ ಉದಾಹರಣೆಯಲ್ಲಿ ಒಂದು ತೊಡಕಿತ್ತು. ನಮ್ಮ ಸೀಮೆಯಲ್ಲಿ ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಅಗಿಯುವವರನ್ನು ಪೇಟೆಯವರು ಎಂದು ನಗುತ್ತಾರೆ. ಅರವತ್ತು ದಾಟಿದ ಮಾವ ಹುಟ್ಟಿದಾಗಿನಿಂದ ಒಂದು ತುತ್ತು ಮುದ್ದೆಯನ್ನೂ ಅಗಿದವರಲ್ಲ. ಅವರು ತಟ್ಟೆ ನೋಡಿದರು, ಬಾಗಿಲ ಕಡೆ ನೋಡಿದರು, ಹೊರಗಿನವರು ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಸಾರು ಮುಟ್ಟಿಸದೆ ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದರು. ಮುದ್ದೆ ಹಲ್ಲಿಗೆ, ವಸಡಿಗೆ, ಅಂಗುಳಕ್ಕೆ ಮೆತ್ತಿಕೊಂಡಿತು. ಅತ್ತೆ ಸೌಟು ಹಿಡಿದುಕೊಂಡೇ ನಿಂತರು. ಯಜಮಾನರು ತಲೆ ತಗ್ಗಿಸಿ ಕೂತರು, ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಬಾರದು ಎಂಬಂತೆ. ಬಹಳ ಹೊತ್ತಾದ ಮೇಲೆ ಮಾವ ನೀರು ಕುಡಿದರು.

'ಹೌದು. ಸೀ ಆಯ್ತು' ಎಂದರು. 'ಅಟ್ಟದ ಕೆಳಗೆ ಜಾಗ ಐತಲ್ಲ, ಅಲ್ಲಿ ಮಾಡ್ಕೊ. ಹಸ ತಾನಾಗೇ ತಿನ್ಬೇಕು. ತಿನ್ಲಿಲ್ಲ ಅಂದ್ರೆ ಬುಟ್ಬುಡ್ಬೇಕು, ಇನ್ನೊಂದ್ಸಲ ಈ ಮಾತು ಎತ್ಬಾರ್ದು.'

ಆಯಿತು ಎಂದೆ. ಅಂದು ಪಾತ್ರೆಗಳನ್ನು ಸದ್ದಿಲ್ಲದೆ ತೊಳೆದೆ.

ಮೈಸೂರಿನ ನನ್ನ ಮೇಷ್ಟ್ರನ್ನು ಕೇಳಿ ಎರಡು ಗಾಜಿನ ಕೊಳವೆ ತರಿಸಿಕೊಂಡೆ. ಹತ್ತಿಯಿಂದ ಬಾಯಿ ಮುಚ್ಚಿದ ಕೊಳವೆಗಳ ಒಳಗೆ ನನಗೆ ಬೇಕಾದ ಜಾತಿಯ ಬೂಷ್ಟಿನ ಬೀಜವಿತ್ತು. ಇನ್ನೊಮ್ಮೆ ಕೇಳಬೇಡ ಎಂದೂ ಮೇಷ್ಟ್ರು ಹೇಳಿ ಕಳಿಸಿದ್ದರು. ಕೆಲಸ ಕೇಳಲು ದೊಡ್ಡದು, ಮಾಡಲು ಅಡುಗೆಯಷ್ಟೇ. ಗೋಧಿ ಬೂಸಾವನ್ನು ನೀರು ಚಿಮುಕಿಸಿ ಕಲೆಸಿ, ಕಡುಬಿನ ಪಾತ್ರೆಯಲ್ಲಿ ಹಬೆಗೆ ಬೇಯಿಸಿ ಆರಿಸುವುದು. ಬೀಜ ಬೆರೆಸಿ, ಅಗಲವಾದ ತಟ್ಟೆಗಳಲ್ಲಿ ಹರಡಿ, ಒದ್ದೆ ಬಟ್ಟೆ ಮುಚ್ಚಿಡುವುದು. ಬೂಷ್ಟು ಚೆನ್ನಾಗಿ ಹಬ್ಬಿದ ಮೇಲೆ ಆ ಬೂಸಾವನ್ನು ನೀರಲ್ಲಿ ಕಿವುಚಿ ಸೋಸಿದರೆ ಎಂಜೈಮ್ ನೀರಿಗಿಳಿಯುತ್ತದೆ. ಆ ನೀರನ್ನು ಬೇಯಿಸಿದ ಕಾಫಿ ಹೊಟ್ಟಿಗೆ ಚಿಮುಕಿಸಿ, ಮುಚ್ಚಿಟ್ಟು, ಆಮೇಲೆ ಒಣಗಿಸುವುದು. ಅತ್ತೆಯವರ ತಕರಾರು ಒಂದೇ, ಕಡುಬಿನ ಪಾತ್ರೆಯಲ್ಲಿ ಹಸುವಿನ ಬೂಸಾ ಬೇಯಿಸುವುದು. ಗೌರಿ ಹಬ್ಬಕ್ಕೆ ಬೇರೆ ಪಾತ್ರೆ ತರಿಸುತ್ತೇನೆ ಎಂದ ಮೇಲೆ ಅದೂ ಹೋಯಿತು.

ಮೊದಲ ಸಲದ ತಟ್ಟೆಗಳನ್ನು ಮುಚ್ಚಿಟ್ಟ ಮರುದಿನವೇ ಹುಳಿಯಾರಿನಲ್ಲಿ ಮದುವೆಯೊಂದು ಬಂತು. ಹತ್ತಿರದ ನೆಂಟರು, ಸೊಸೆ ಹೋಗಲೇಬೇಕು. ಅತ್ತೆಯವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸಿ ಎಂದು ತೋರಿಸಿದೆ.

'ನಾನಿಲ್ವೇನವ್ವಾ, ನೀ ಹೋಗ್ಬಾ' ಎಂದರು.

ಎರಡು ದಿನ ಬಿಟ್ಟು ವಾಪಸು ಬಂದಾಗ ಸೀರೆ ಕೂಡ ಬದಲಿಸದೆ ಶೆಡ್ಡಿಗೆ ಹೋದೆ. ತಟ್ಟೆಗಳೆಲ್ಲ ಉಜ್ಜಿ ತೊಳೆದು ಗೋಡೆಗೆ ಒರಗಿಸಿಟ್ಟಿದ್ದವು. ನೆಲ ಸಾರಿಸಿತ್ತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಒಂದು ಮಡಕೆಯಲ್ಲಿ ಗೋಧಿ ಬೂಸಾ ಗರಿಗರಿಯಾಗಿ, ಬಂಗಾರದ ಬಣ್ಣಕ್ಕೆ ಒಣಗಿ ಕೂತಿತ್ತು.

'ಅದು ಬಂದ್ಬುಟ್ಟಿತ್ತು ಕಣವ್ವ' ಎಂದರು ಅತ್ತೆ, ದನಿ ತಗ್ಗಿಸಿ. 'ಬಟ್ಟೆ ಎತ್ತಿ ನೋಡ್ತೀನಿ, ತಟ್ಟೆ ತುಂಬ ಬೆಳ್ಳಗೆ, ಹತ್ತಿ ಹರಡ್ದಂಗೆ. ಎದೆ ಧಸಕ್ ಅಂತು. ನಿಮ್ಮಾವ ನೋಡಿದ್ರೆ ಜಾಗ ಬುಡ್ಸೋರು. ಎಲ್ಲಾ ಕೈಯಲ್ಲಿ ಉಜ್ಜಿ, ಬಿಸ್ಲಿಗೆ ಹಾಕಿ, ಜರಡಿ ಹಿಡ್ದು, ಸಾಲ್ದು ಅಂತ ಮಟ್ಟೆ ಹೊಗೇನೂ ಕೊಟ್ಟಿವ್ನಿ. ಒಂದು ಚೂರೂ ಇಲ್ಲ ನೋಡು ಈಗ.'

ಅವರ ಮುಖದಲ್ಲಿ ಸೊಸೆಯ ಮಾನ ಉಳಿಸಿದ ಸಂತೋಷ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಕೋಪ ಬಂತು.

'ಅದೇ ಬೇಕಾಗಿತ್ತು ಅತ್ತೆ! ಬೂಷ್ಟೇ ಬೇಕಾಗಿತ್ತು! ಬೂಷ್ಟು ಬರ್ಲಿ ಅಂತಾನೇ ಇಟ್ಟಿದ್ದು!'

ಗಂಟಲು ಹರಿಯುವ ಹಾಗೆ ಕೂಗಿದೆ. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರ ಸದ್ದು ನಿಂತಿತು. ಜಗುಲಿಯ ಮೇಲೆ ಮಾವ ಎದ್ದು ನಿಂತದ್ದು ಕಾಣಿಸಿತು. ಅತ್ತೆ ಒಮ್ಮೆ ಮಡಕೆ ನೋಡಿದರು, ಒಮ್ಮೆ ತಮ್ಮ ಕೈಗಳನ್ನು ನೋಡಿಕೊಂಡರು.

ಮಾವ ಶೆಡ್ಡಿಗೆ ಬಂದರು. ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಅಲ್ಲಲ್ಲಿ ಒಂದೊಂದು ಕಾಯಿ ಎತ್ತಿ ಮೂಸಿ ನೋಡಿ, ಇಳಿದು ಬಂದು ಟವೆಲ್ ಕೊಡವಿಕೊಂಡರು.

'ಮೇಲೆ ವರ್ಷದ ಕಾಯಿ ಐತೆ, ಕೆಳಗೆ ನೀನು ಅದುನ್ನ ಬೆಳ್ಸ್ತೀಯ' ಎಂದರು. 'ನಾನು ಮಾತು ಕೊಟ್ಟಿದ್ದೀನಿ, ತಪ್ಪಲ್ಲ. ಮಾಡು. ಆದ್ರೆ ಅಟ್ಟ ಇಳ್ಸಿ ಒಡ್ದಾಗ ಒಂದೇ ಒಂದು ಉಂಡೇಲಿ ಅದು ಕಂಡ್ರೂ ಮುಗೀತು. ನಿನ್ ಗಾಜಿನ ಸಾಮಾನೆಲ್ಲ ತಿಪ್ಪೆಗೆ.'

ಪ್ರತಿ ವರ್ಷವೂ ಒಡೆದಾಗ ಒಂದು ಕುಕ್ಕೆಯಷ್ಟು ಉಂಡೆಗಳಲ್ಲಾದರೂ ಬೂಷ್ಟು ಇದ್ದೇ ಇರುತ್ತಿತ್ತು. ಯಾರ ಮನೆಯಲ್ಲಿ ಒಡೆದರೂ ಇರುತ್ತಿತ್ತು. ಕಾಯಿಯ ಕಣ್ಣು ಬಿರಿದಿದ್ದರೆ, ಕೀಳುವಾಗ ಚಿಪ್ಪು ಸೀಳಿದ್ದರೆ ಬಂದೇ ಬರುತ್ತದೆ. ಅವನ್ನು ಸದ್ದಿಲ್ಲದೆ ಬೇರೆ ಹಾಕಿ ಎಣ್ಣೆಗೆ ಕಳಿಸುತ್ತಿದ್ದರು. ಇದು ಮಾವನವರಿಗೂ ಗೊತ್ತು, ನನಗೂ ಗೊತ್ತು. ಆ ವರ್ಷ ಮಾತ್ರ ಒಂದೂ ಇರಬಾರದು. ಇದು ನ್ಯಾಯವಲ್ಲ ಎಂದು ಹೇಳಬೇಕೆಂದು ಬಾಯಿ ತನಕ ಬಂತು. ಹೇಳಿದರೆ ಕೊಟ್ಟ ಜಾಗವೂ ಹೋಗುತ್ತಿತ್ತು. ಆ ಜಾಗ ಹೋದರೆ ಮೈಸೂರಿನಲ್ಲಿ ನಾನು ಕಲಿತದ್ದಕ್ಕೆ ಇನ್ನೆಲ್ಲೂ ಜಾಗವಿರಲಿಲ್ಲ.

ಸುದ್ದಿ ನನಗಿಂತ ಬೇಗ ಓಡಾಡಿತು. ದಬ್ಬೇಘಟ್ಟದಿಂದ ಬಂದ ನಾದಿನಿ ಚೀಲ ಕೆಳಗಿಡುವ ಮೊದಲೇ, 'ಅತ್ತಿಗೆ, ನೀವು ಬೇಕೂ ಅಂತ ಅದುನ್ನ ಸಾಕ್ತಿದ್ದೀರಂತೆ, ಹೌದಾ?' ಎಂದಳು. ಬಸ್ಸಿನಲ್ಲಿ ಯಾರೋ ಹೇಳಿದರಂತೆ.

ಉಳಿದದ್ದು ಒಂದೇ ಕೊಳವೆ. ಅದರಿಂದ ಎರಡನೆಯ ಸಲ ತಟ್ಟೆ ಹಾಕಿದ ದಿನ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಮಡಕೆಯ ಸಂಗತಿ ನಡೆದಾಗಿನಿಂದ ನಮ್ಮಿಬ್ಬರ ನಡುವೆ ಉಪ್ಪು ಹುಳಿಯ ಮಾತಷ್ಟೇ.

'ಹಂಗಾದ್ರೆ ಒರೆಸ್ಬಾರ್ದಾ?'

'ಒರೆಸ್ಬಾರ್ದು ಅತ್ತೆ.'

'ಒಂಚೂರೂ?'

'ಒಂಚೂರೂ.'

ಅವರು ತಲೆಯಾಡಿಸಿ ಹೋದರು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಂದರು. ಬಟ್ಟೆ ಎತ್ತಿ ತೋರಿಸಿದೆ. ಬೂಸಾದ ಮೇಲೆ ತೆಳ್ಳಗೆ ಬಿಳಿ ನವಿರು ಎದ್ದಿತ್ತು. ಅತ್ತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. ಅವರ ಸೆರಗಿನ ತುದಿ ನಡುಗುತ್ತಿತ್ತು ಎಂದರೆ ನೀವು ನಂಬಬೇಕು. ಆಮೇಲೆ ದಿನವೂ ಬಂದು, ಬಾಣಂತಿಯನ್ನು ವಿಚಾರಿಸಿಕೊಳ್ಳುವ ಹಾಗೆ, 'ಹೆಂಗೈತೆ ಅದು?' ಎಂದು ಕೇಳಿ, ಕೈಕಟ್ಟಿ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ನೀರು ಚಿಮುಕಿಸುವ ಕೆಲಸವನ್ನು ಕೇಳದೆಯೇ ತಾವೇ ಹಚ್ಚಿಕೊಂಡರು. ನನ್ನ ಕೋಪ ಎಲ್ಲಿಳಿಯಿತೋ ತಿಳಿಯಲಿಲ್ಲ. ಹಾಗೆಂದು ಅವರನ್ನು ಶೆಡ್ಡಿನಲ್ಲಿ ಒಬ್ಬರನ್ನೇ ಬಿಡುವಷ್ಟು ಇಳಿದಿರಲಿಲ್ಲ.

ಹೊಟ್ಟು ಸಿದ್ಧವಾಯಿತು. ಒಗರು ವಾಸನೆ ಹೋಗಿ, ಒಣಗಿದ ಹಣ್ಣಿನಂಥ ಪರಿಮಳ ಬಂದಿತ್ತು. ಕೆಂದಹಸುವಿನ ಬಾನಿಗೆ ಹಾಕಲು ಅತ್ತೆ ಮೊರ ಎತ್ತಿಕೊಂಡರೆ ಮಾವ ತಡೆದರು.

'ನೀನು ಹಾಕಿದ್ರೆ ಅದು ಕಲ್ಲೂ ತಿಂತದೆ. ತತ್ತಾ ಇಲ್ಲಿ.'

ಮಾವನಿಗೂ ಕೆಂದಹಸುವಿಗೂ ಟವೆಲ್ಲಿನ ಕಾಲದಿಂದಲೂ ಮಾತಿಲ್ಲ. ಅವರು ಹತ್ತಿರ ಹೋದರೆ ಅದು ಕಾಲೆತ್ತುತ್ತಿತ್ತು. ಪರೀಕ್ಷೆ ನ್ಯಾಯವಾಗಿರಬೇಕು ಎಂದು ಅವರೇ ಮೊರ ಹಿಡಿದು, ಮಗ್ಗುಲಿಂದ ಸುತ್ತಿಕೊಂಡು ಹೋಗಿ, ಬಾನಿಗೆ ಸುರಿದು ಹಿಂದೆ ಹಾರಿದರು. ಕೆಂದಹಸು ಅವರನ್ನು ನೋಡಿತು. ಬಾನಿಯನ್ನು ನೋಡಿತು. ವಿಶ್ವವಿದ್ಯಾಲಯದ ಯಾವ ಪರೀಕ್ಷೆಗೂ ನಾನು ಹಾಗೆ ಹೆದರಿರಲಿಲ್ಲ. ಅದು ಮೂಸಿತು, ನಾಲಿಗೆ ಚಾಚಿ ಒಂದಿಷ್ಟು ಎಳೆದುಕೊಂಡಿತು, ಆಮೇಲೆ ತಲೆ ಎತ್ತಲಿಲ್ಲ. ಬಾನಿಯ ತಳ ನೆಕ್ಕಿ, ಮಾವನ ಹೆಗಲ ಟವೆಲ್ಲಿನ ಕಡೆ ಕತ್ತು ಚಾಚಿತು.

'ಹಸ್ದಿರ್ಬೇಕು' ಎಂದರು ಮಾವ. ಪಕ್ಕಕ್ಕೆ ಒಂದು ಹಿಡಿ ಹುಲ್ಲು, ಈ ಕಡೆ ಇನ್ನೊಂದು ಮೊರ ಹೊಟ್ಟು ಇಟ್ಟರು. ಅದು ಹೊಟ್ಟಿಗೇ ಬಾಯಿ ಹಾಕಿತು. ಮಾವ 'ಹೂಂ' ಎಂದು ಕೈ ತೊಳೆಯಲು ಹೋದರು. ಅತ್ತೆ ನನ್ನ ಕಡೆ ನೋಡಿ ನಕ್ಕರು, ಬಹಳ ದಿನಗಳ ಮೇಲೆ.

ಇನ್ನು ಉಳಿದದ್ದು ಅಟ್ಟ. ಆ ತಿಂಗಳುಗಳಲ್ಲಿ ನಾನು ತಟ್ಟೆಗಳನ್ನು ಮತ್ತೆ ಮತ್ತೆ ಹಾಕಿದೆ, ಪ್ರತಿ ಸಲದ ಬೂಸಾದಲ್ಲೇ ಮುಂದಿನ ಸಲಕ್ಕೆ ಬೀಜ ಉಳಿಸಿಕೊಂಡೆ. ಮನೆ ಹಿಂದಿನ ರಾಶಿ ಕರಗುತ್ತಾ ಬಂತು. ಹಿಂಡಿಯ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಹಸುಗಳಿಗೆ ಇಡುತ್ತಿದ್ದೆವು. ಒಂದಿಬ್ಬರು ನೆರೆಯವರು ತಮ್ಮ ಹಸುಗಳಿಗೂ ಕೇಳಿಕೊಂಡು ಹೋದರು, ಅದು ಹೇಗಾಗುತ್ತದೆ ಎಂದು ಮಾತ್ರ ಹೇಳಬೇಡಿ ಎಂದು ಮೊದಲೇ ಕೈಮುಗಿದು. ಇಷ್ಟೆಲ್ಲ ಆದರೂ ತಲೆಯ ಮೇಲೆ ಆ ಅಟ್ಟವಿತ್ತು. ತಟ್ಟೆ ತಿರುವುವಾಗೆಲ್ಲ ನಾನು ಮೇಲೆ ನೋಡುತ್ತಿದ್ದೆ.

ಬೇಸಿಗೆಯಲ್ಲಿ ಅಟ್ಟ ಇಳಿಸಿದರು. ಅಂಗಳದ ತುಂಬ ಕಾಯಿ. ತಿಪಟೂರಿನಿಂದ ದಲ್ಲಾಳಿಯೂ ಬಂದಿದ್ದರು. ನಮ್ಮ ಮನೆಯ ಕೊಬ್ಬರಿಗೆ ಅದು ಬಂದಿರಬಹುದು ಎಂಬ ಮಾತು ಅವರ ಕಿವಿಗೂ ಬಿದ್ದಿತ್ತೆಂದು ತೋರುತ್ತದೆ, ಯಾವತ್ತೂ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುವವರು ಅಂದು ರಾಶಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಗಂಡಸರು ಮಚ್ಚಿನಲ್ಲಿ ಚಿಪ್ಪು ಒಡೆದು ಉಂಡೆಗಳನ್ನು ಉರುಳಿಸುತ್ತಿದ್ದರು. ನಾವು ಹೆಂಗಸರು ಒಂದೊಂದನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿ ಗುಡ್ಡೆ ಹಾಕುತ್ತಿದ್ದೆವು. ಮಾವ ನಿಂತೇ ಇದ್ದರು.

ಒಂದು ಗುಡ್ಡೆ ಪೂರ್ತಿ ಚೊಕ್ಕ ಬಂತು. ಎರಡನೆಯದೂ ಬಂತು. ನನ್ನ ಅಂಗೈ ಬೆವರಿ, ಆ ಬೆವರೇ ಉಂಡೆಗೆ ತಾಕಿ ಬೂಷ್ಟು ಬಂದೀತೆಂದು ಕೈ ಒರೆಸಿಕೊಳ್ಳುತ್ತಿದ್ದೆ. ಆಗ ಪಕ್ಕದಲ್ಲಿದ್ದ ಅತ್ತೆಯವರ ಕೈ ನಿಂತಿತು. ನೋಡಿದೆ. ಅವರ ಕೈಯಲ್ಲಿದ್ದ ಉಂಡೆಯ ಒಂದು ಮಗ್ಗುಲಲ್ಲಿ ನಾಲ್ಕಾಣೆಯಷ್ಟಗಲ ಹಸಿರು ಬೂಷ್ಟು.

ಅದು ನನ್ನದಲ್ಲ. ನಾನು ಬೆಳೆಸುತ್ತಿದ್ದದ್ದು ಮೊದಲು ಬೆಳ್ಳಗಿದ್ದು ಆಮೇಲೆ ಕಪ್ಪಾಗುವ ಜಾತಿ. ಈ ಹಸಿರಿನದು ಪ್ರತಿ ವರ್ಷ ಬರುವ ಊರಿನ ಬೂಷ್ಟು. ಅದನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಆದರೆ ಒಂದು ಕಂಡರೂ ಮುಗಿಯಿತು ಎಂದಿದ್ದ ಮಾವನ ಮುಂದೆ, ದಲ್ಲಾಳಿಯ ಮುಂದೆ, ಬಣ್ಣದ ವ್ಯತ್ಯಾಸ ವಿವರಿಸುತ್ತಾ ಕೂರುವುದಕ್ಕೆ ಅರ್ಥವಿರಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಅವರ ಸೆರಗಿನ ತುದಿ ಉಂಡೆಯ ಮೇಲೆ ಹೋಗಿ ಬಂತು, ಯಾವಾಗಲೂ ಹೋಗಿ ಬರುವ ಹಾಗೆ. ಕಲೆ ಪೂರ್ತಿ ಹೋಗಲಿಲ್ಲ.

'ಏನಮ್ಮಾ ಅದು, ಕೊಡಿ ಇಲ್ಲಿ' ಎಂದು ದಲ್ಲಾಳಿ ಕೈ ಚಾಚಿದರು.

'ಏನಿಲ್ಲ ಕಣಪ್ಪ, ರುಚಿ ನೋಡ್ತಿವ್ನಿ' ಎಂದ ಅತ್ತೆ, ಉಂಡೆಯನ್ನು ಪಕ್ಕದ ಗುಂಡುಕಲ್ಲಿಗೆ ಕುಕ್ಕಿ ಹೋಳು ಮಾಡಿ, ಕಲೆಯಿದ್ದ ಹೋಳನ್ನು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ದಲ್ಲಾಳಿಯ ಅಂಗೈಗೆ ಇಟ್ಟರು. ಮುಂದಿನ ಎರಡು ಹಲ್ಲು ಇಲ್ಲದ ಬಾಯಲ್ಲಿ ಒಣ ಕೊಬ್ಬರಿ ಅಗಿಯುವುದು ಸುಲಭವಲ್ಲ. ಅಂಗಳದಲ್ಲಿ ಎಲ್ಲರೂ ಅವರು ಅಗಿಯುವುದನ್ನೇ ನೋಡುತ್ತಾ ಕೂತೆವು. ಕೊನೆಗೆ ನುಂಗಿ, 'ಸೀಯಾಗೈತೆ' ಎಂದರು.

ದಲ್ಲಾಳಿಯೂ ಒಂದು ಚೂರು ಬಾಯಿಗಿಟ್ಟುಕೊಂಡು, ಹೌದು ಎಂದರು. ಮಾವ ಅತ್ತೆಯ ಸೆರಗಿನ ತುದಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಂದಿನ ಗುಡ್ಡೆಯ ಕಡೆ ತಿರುಗಿ, 'ಬೇಗ ಒಡೀರ್ಲಾ, ಹೊತ್ತಾಯ್ತು' ಎಂದು ಆಳುಗಳನ್ನು ಗದರಿದರು. ಆ ವರ್ಷ ನಮ್ಮ ಮನೆಯ ಕೊಬ್ಬರಿಯಲ್ಲಿ ಒಂದೇ ಒಂದು ಉಂಡೆಗೂ ಅದು ಬಂದಿರಲಿಲ್ಲ ಎಂದು ತಿಪಟೂರಿನ ಮಂಡಿಯಲ್ಲಿ ಬಹಳ ದಿನ ಮಾತಾಡಿಕೊಂಡರು.

ಸಂಜೆ ಹೊತ್ತಿಗೆ ಅತ್ತೆಗೆ ಹೊಟ್ಟೆ ತೊಳಸತೊಡಗಿತು. ಒಲೆ ಮುಂದೆ ಗೋಡೆಗೊರಗಿ ಕೂತಿದ್ದರು. ನಾನು ಶುಂಠಿ ಜಜ್ಜಿ ಕಷಾಯಕ್ಕಿಟ್ಟೆ. ಅವರಿಗೆ ಗೊತ್ತಿರಲಿ ಎಂದು ಹೇಳಿದೆ.

'ಅತ್ತೆ, ಅದು ನಂದಲ್ಲ. ನಂದು ಕಪ್ಪಾಗೋದು. ಅದು ಹಸ್ರು, ಪ್ರತಿ ವರ್ಷ ಬರೋದೇ.'

ಅತ್ತೆ ಕಣ್ಣು ಬಿಟ್ಟು ನನ್ನನ್ನು ನೋಡಿದರು.

'ಹೌದಾ? ನಾನು ನಿಂದೇ ಅಂದ್ಕೊಂಡೆ ಕಣವ್ವ.'

ನಾನು ಒಲೆಯ ಕಡೆ ತಿರುಗಿದೆ. ಹೊಗೆ ಇಲ್ಲದಿದ್ದರೂ ಕಣ್ಣೊರೆಸಿಕೊಂಡೆ. ಕಷಾಯ ಬಸಿದು ಲೋಟ ಅವರ ಕೈಗೆ ಕೊಟ್ಟೆ. ಊದಿ ಊದಿ ಕುಡಿದು, ಲೋಟ ಕೆಳಗಿಟ್ಟು, ಶೆಡ್ಡಿನ ಕಡೆಗೆ ಕೈ ತೋರಿಸಿದರು.

'ಬೂಷ್ಟಿನ ಬಟ್ಟೆ ಒಣಗಿರ್ತೈತೆ' ಎಂದರು, ಗಟ್ಟಿಯಾಗಿ. 'ಹೋಗು, ನೀರು ಚಿಮುಕ್ಸಿ ಬಾ.'